ಕರಿ ಚಿಗರಿಯ ಕೋಡು ಯಾರಿಗೆ ಬಹುಮಾನ?

(ಕಪ್ಪತ್ತಗುಡ್ಡದ ಸೆರಗಿನ ಹಳ್ಳಿಯೊಂದರಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಗುಡ್ಡದ ವನ್ಯಜೀವಿಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಹೆಸರುಗಳ ಪಟ್ಟಿಯೊಂದನ್ನು ಬರೆದುಕೊಂಡೇ ಬಂದಿದ್ದೆ. ಆದರೆ ಬೆಳಗಿನ ಉಪಾಹಾರದ ಹೊತ್ತಿಗೆ ಒಬ್ಬ ಕಾಲೇಜು ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಯಾವುದೋ ದೂರದೇಶದ ನಾಲ್ವರು ಗೆಳೆಯರು ಬಂದೂಕು ಹಿಡಿದು ನಿಂತಿದ್ದಾರೆ. ನಡುವೆ ಸತ್ತ ಗಂಡು ಜಿಂಕೆ. ಒಬ್ಬನು ಅದರ ಕೊಂಬು ಹಿಡಿದು ತಲೆಯನ್ನು ಎತ್ತಿದ್ದಾನೆ. “ಸರ್, ಇದಕ್ಕ ಟ್ರೋಫಿ ಅಂತಾರ. ಟ್ರೋಫಿ ಅನಿಸಿಕೊಳ್ಳಾಕ ಪ್ರಾಣಿಯೊಳಗ ಏನಿರಬೇಕು?” ಎಂದು ಆತ ಕೇಳಿದ. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಕುತೂಹಲವಿತ್ತು. ಆದ್ದರಿಂದ ಪಟ್ಟಿಯನ್ನು ಜೇಬಿನಲ್ಲಿಟ್ಟು ಆ ಪ್ರಶ್ನೆಗೇ ಉತ್ತರಿಸಲು ಯತ್ನಿಸುತ್ತೇನೆ.

ಮೊದಲಿಗೆ ಹೆಸರಿನ ಮಾತು. ನಮ್ಮ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಎರೆಹೊಲಗಳಲ್ಲಿ ನೆಗೆಯುವ ಪ್ರಾಣಿಯನ್ನು ನಾವು ಚಿಗರಿ ಎನ್ನುತ್ತೇವೆ. ಪುಸ್ತಕದಲ್ಲಿ ಅದು ಕೃಷ್ಣಮೃಗ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ತ್ವರಿತ ಬಸ್ಸಿಗೆ ಇದರ ಹೆಸರನ್ನೇ ಇಟ್ಟಿದ್ದಾರೆ. ಸಲುಗೆಯಿಂದ ಇದನ್ನು ಜಿಂಕೆ ಎಂದು ಕರೆದರೂ ಶಾಸ್ತ್ರದ ಪ್ರಕಾರ ಇದು ಜಿಂಕೆಯ ಕುಲದ್ದಲ್ಲ. ಚುಕ್ಕೆಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಉದುರಿಹೋಗಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೋಡು ಆಕಳ ಕೋಡಿನಂತೆ ಮೂಳೆಯ ಮೇಲೆ ಬೆಳೆದ ಹೊದಿಕೆ. ಅದಕ್ಕೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಒಮ್ಮೆ ಹುಟ್ಟಿದ್ದು ಸಾಯುವತನಕ ಪ್ರಾಣಿಯ ಸಂಗಡವೇ ಬೆಳೆಯುತ್ತದೆ.

ಇನ್ನು ಟ್ರೋಫಿಯ ಲೆಕ್ಕ. ಆ ಚಿತ್ರದ ದೇಶಗಳಲ್ಲಿ ಕೊಂಬಿನ ಕವಲುಗಳನ್ನು ಎಣಿಸಿ, ಉದ್ದ, ಅಗಲ, ದಪ್ಪವನ್ನು ಅಳೆದು ಅಂಕ ಕೊಡುತ್ತಾರೆ. ಅಮೆರಿಕೆಯಲ್ಲಿ ಇಂಥ ಲೆಕ್ಕವಿಡುವ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು 1887ರಷ್ಟು ಹಳೆಯದು. ಲಂಡನ್ನಿನ ರೋಲೆಂಡ್ ವಾರ್ಡ್ ಎಂಬವರು 1892ರಿಂದ ದಾಖಲೆಗಳ ಪುಸ್ತಕವನ್ನೇ ಪ್ರಕಟಿಸತೊಡಗಿದರು. ಅದರಲ್ಲಿ ನಮ್ಮ ಚಿಗರಿಯ ಕೋಡೂ ಇಂಚುಗಳಲ್ಲಿ ದಾಖಲಾಯಿತು. ಹೊಡೆದ ಪ್ರಾಣಿಯ ತೊಗಲಿನೊಳಗೆ ಅಚ್ಚು ತುಂಬಿ, ಜೀವಂತವಿದ್ದಂತೆ ನಿಲ್ಲಿಸಿಕೊಡುವ ವ್ಯಾನ್ ಇಂಗೆನ್ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇತ್ತು. ರಾಜರು, ದೊರೆಗಳು ಅದರ ಗಿರಾಕಿಗಳು.

ಚಿಗರಿಯ ವಿಷಯದಲ್ಲಿ ಶಿಕಾರಿಯವರು ನೋಡುತ್ತಿದ್ದುದು ಮೂರು ಲಕ್ಷಣ: ಕೋಡಿನ ಉದ್ದ, ಅದರ ತಿರುವುಗಳ ಸಂಖ್ಯೆ, ಮೈಯ ಕಪ್ಪು. ಈ ಮೂರೂ ಕೂಡಿದ್ದರೆ ಅದು ಗೋಡೆಗೆ ತಕ್ಕ ಪ್ರಾಣಿ. ಬೇಟೆಗಾರನ ಕಣ್ಣು ತಪ್ಪು ಕಾಣುತ್ತಿರಲಿಲ್ಲ. ಆತ ಸರಿಯಾದ ಲಕ್ಷಣಗಳನ್ನೇ ಗುರುತಿಸುತ್ತಿದ್ದ. ಆದರೆ ಆ ಲಕ್ಷಣಗಳು ಅಲ್ಲಿ ಏಕಿವೆ ಎಂದು ಆತ ಕೇಳಿಕೊಳ್ಳಲಿಲ್ಲ.

ಗಂಡು ಮರಿ ಹುಟ್ಟುವಾಗ ಹೆಣ್ಣಿನಂತೆಯೇ ಕಂದು ಬಣ್ಣದ್ದಾಗಿರುತ್ತದೆ. ಕೋಡು ಮೊದಲು ನೆಟ್ಟಗೆ ಮೊಳೆತು, ವರ್ಷ ಕಳೆದಂತೆ ಉಂಗುರಗಳನ್ನು ಕಟ್ಟಿಕೊಂಡು ತಿರುಚುತ್ತ ಬೆಳೆಯುತ್ತದೆ. ಮೂರು ನಾಲ್ಕು ತಿರುವು ಆಗಬೇಕಾದರೆ ವರ್ಷಗಳೇ ಬೇಕು. ಮೈಯೂ ಪ್ರಾಯಕ್ಕೆ ಬಂದಂತೆಲ್ಲ ಕಪ್ಪಾಗುತ್ತದೆ. ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳುಪು ಉಳಿಯುತ್ತದೆ. ಅಂದರೆ ಉದ್ದ ಕೋಡಿನ ಕರಿ ಚಿಗರಿ ತೋಳ, ನಾಯಿ, ಬರ, ರೋಗ, ಉರುಲು ಎಲ್ಲವನ್ನೂ ದಾಟಿ ಬದುಕಿದ ಗಂಡು. ಬಯಲಿನಲ್ಲಿ ಒಂದು ತುಣುಕು ನೆಲವನ್ನು ತನ್ನದೆಂದು ಗುರುತಿಸಿ, ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ, ಕಣ್ಣಿನ ಬಳಿಯ ಗ್ರಂಥಿಯನ್ನು ಹುಲ್ಲಿಗೆ ಉಜ್ಜಿ ವಾಸನೆ ಬಿಟ್ಟು, ಬೇರೆ ಗಂಡುಗಳನ್ನು ಕಾದಾಡಿ ಓಡಿಸಿ ನಿಂತದ್ದು. ಹೆಣ್ಣುಗಳು ಆ ನೆಲಕ್ಕೆ ಬರುತ್ತವೆ. ಹಿಂಡಿನ ಮುಂದಿನ ಪೀಳಿಗೆ ಹೆಚ್ಚಾಗಿ ಅದರಿಂದಲೇ ಹುಟ್ಟುತ್ತದೆ. ಗೋಡೆಗೆ ತಕ್ಕದ್ದು ಯಾವುದೋ ಹಿಂಡಿಗೆ ಬೇಕಾದದ್ದೂ ಅದೇ.

ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತನೆಗೆಂದು ಕಣದಲ್ಲಿ ಅತ್ಯುತ್ತಮ ತೆನೆಗಳನ್ನೇ ಆರಿಸಿ ತೆಗೆದಿಡುತ್ತೇವೆ. ಒಬ್ಬನು ಬಂದು ಆ ತೆನೆಗಳನ್ನೇ ಕುಟ್ಟಿ ತಿಂದು ಜೊಳ್ಳನ್ನು ಬಿತ್ತನೆಗೆ ಬಿಟ್ಟರೆ ಹೇಗೆ? ಕೆನಡಾದ ಆಲ್ಬರ್ಟಾದಲ್ಲಿ ಕಾಡುಟಗರುಗಳನ್ನು ಸುಮಾರು 30 ವರ್ಷ ಗಮನಿಸಿದ ವಿಜ್ಞಾನಿಗಳು 2003ರಲ್ಲಿ ಇದನ್ನೇ ಪ್ರಕಟಿಸಿದರು. ದೊಡ್ಡ ಕೋಡಿನ ಟಗರುಗಳನ್ನೇ ಆರಿಸಿ ಹೊಡೆದುದರಿಂದ ಮುಂದಿನ ಪೀಳಿಗೆಗಳ ಕೋಡು ಗಿಡ್ಡವಾಗುತ್ತ ಬಂದಿತ್ತು.

ಮಿತ್ರರೇ, ಇದನ್ನು ನಾನು ಬರೀ ಓದಿ ತಿಳಿದವನಲ್ಲ. 1971ರ ಬೇಸಿಗೆ, ನನಗೆ ಹದಿನಾರು ವರ್ಷ. ನಾವು ಐವರು ಗೆಳೆಯರು ಲಕ್ಷ್ಮೇಶ್ವರ-ಶಿರಹಟ್ಟಿ ನಡುವಿನ ಹೊಲಗಳಿಗೆ ಚಕ್ಕಡಿ ಕಟ್ಟಿಕೊಂಡು ನಸುಕಿನಲ್ಲಿ ಹೊರಟೆವು. ಮನುಷ್ಯ ನಡೆದು ಬಂದರೆ ಚಿಗರಿ ಹಾರಿ ಹೋಗುತ್ತದೆ. ದಿನಾ ಕಾಣುವ ಚಕ್ಕಡಿಗೆ ಅಷ್ಟಾಗಿ ಬೆದರುವುದಿಲ್ಲ. ನಮ್ಮಲ್ಲಿ ಹಿರಿಯನ ಕೈಯಲ್ಲಿ ಒಂಟಿನಳಿಗೆಯ ಬಂದೂಕು. ಪರವಾನಗಿಯ ಮಾತನ್ನು ಯಾರೂ ಎತ್ತಲಿಲ್ಲ. ಹಿಂಡು ಕಂಡಾಗ ಆತ ಪಿಸುಗುಟ್ಟಿದ: “ಹೆಣ್ಣಿನ ತಂಟಿಗೆ ಹೋಗಬ್ಯಾಡ್ರಲೇ. ಆ ಕರೀದು ನೋಡ್ರಿ, ಅದ ನಮ್ಮದು.” ನಮಗೆ ಅದು ಧರ್ಮದ ಮಾತಿನಂತೆಯೇ ಕೇಳಿತು. ಗುಂಡು ತಾಗಿದ ಮೇಲೂ ಅದು ಬಹಳ ದೂರ ಓಡಿತು. ಬದುವಿನ ಮೇಲೆ ಬಿದ್ದಾಗ ನಾವು ಮೊದಲು ಮಾಡಿದ ಕೆಲಸವೆಂದರೆ ಗೇಣು ಹಾಕಿ ಕೋಡು ಅಳೆದದ್ದು. ಎರಡೂವರೆ ಗೇಣು. ಕುಣಿದಾಡಿದೆವು. ಆಗ ಅದರ ಕಣ್ಣು ಇನ್ನೂ ಮುಚ್ಚಿರಲಿಲ್ಲ.

ಚೀಟಿ ಎತ್ತಿದಾಗ ಕೋಡು ನನ್ನ ಪಾಲಿಗೆ ಬಂತು. ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಹೊಡೆದು ಕೂರಿಸಿದೆ. ಬಂದವರು ಅದಕ್ಕೆ ಟೊಪ್ಪಿಗೆ, ವಲ್ಲಿ ತೂಗುಹಾಕುತ್ತಿದ್ದರು. ನನ್ನ ಅಜ್ಜಿ ಒಂದು ದಿನ ಅದನ್ನೇ ನೋಡುತ್ತ ಕೇಳಿದಳು: “ಟೊಪಗಿ ಹಾಕಾಕ ಒಂದು ಗೂಟ ಸಾಲತಿತ್ತಲ್ಲೋ ತಮ್ಮಾ, ಒಂದು ಜೀವ ಯಾಕ ಬೇಕಾತು?” ನಾನು ನಕ್ಕುಬಿಟ್ಟೆ. ಉತ್ತರವಿರಲಿಲ್ಲ, ಅದಕ್ಕೇ ನಕ್ಕೆ. ಇಂದಿಗೂ ಉತ್ತರವಿಲ್ಲ. ಅಂದು ಗೆಳೆತನದ ಸವಿ ನಿಜವಾಗಿತ್ತು. ನಸುಕಿನ ಗಾಳಿ, ಬುತ್ತಿಯ ರೊಟ್ಟಿ, ಹಾಸ್ಯ ಎಲ್ಲವೂ ನೆನಪಿದೆ. ಆ ಸವಿಗೆ ಒಂದು ಪ್ರಾಣದ ಅಗತ್ಯವಿರಲಿಲ್ಲ ಎಂಬುದು ತಡವಾಗಿ ತಿಳಿಯಿತು.

ಚರಿತ್ರೆಯ ಕಡೆಗೂ ಒಮ್ಮೆ ನೋಡೋಣ. ಮೊಗಲರ ಕಾಲದಲ್ಲಿ ಪಳಗಿಸಿದ ಚೀತಾಗಳನ್ನು ಚಿಗರಿಯ ಮೇಲೆ ಬಿಡುತ್ತಿದ್ದರು. ಕೊಲ್ಹಾಪುರ ಸಂಸ್ಥಾನದಲ್ಲಿ ಈ ವಿನೋದ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಕೊನೆಗೆ ಬೇಟೆಯಾಡಿಸಿದ ಚೀತಾವೇ ಅಳಿಯಿತು. 1952ರಲ್ಲಿ ಅದು ಭಾರತದಲ್ಲಿ ನಾಮಾವಶೇಷವಾಯಿತೆಂದು ಘೋಷಿಸಿದರು. ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರು ಹುಲಿಗೆರೆ, ಪುಲಿಗೆರೆ. ಇಂದು ಹೆಸರಿನಲ್ಲಿ ಮಾತ್ರ ಹುಲಿ ಉಳಿದಿದೆ.

ಇನ್ನೊಂದು ಕಡೆ ಹೊಟ್ಟೆಪಾಡಿಗೆ ಬೇಟೆಯಾಡಿದವರೂ ಇದ್ದರು. ಹರಣಶಿಕಾರಿ ಸಮುದಾಯದ ಹೆಸರಿನಲ್ಲೇ ಹರಿಣವಿದೆ. ಚಿಗರಿಬೇಟೆಗಾರರು ಎಂದೂ ಅವರನ್ನು ಕರೆದರು. ಬಂದೂಕಿಲ್ಲದೆ ಉರುಲು ಮತ್ತು ಬಲೆಗಳಿಂದ ಹಿಡಿಯುತ್ತಿದ್ದ ಅವರಿಗೆ ಚಿಗರಿಯ ಹೆಜ್ಜೆ, ಹಾದಿ, ಋತುಗಳ ಜ್ಞಾನ ನಮಗಿಂತ ಎಷ್ಟೋ ಹೆಚ್ಚಾಗಿತ್ತು. ಬ್ರಿಟಿಷ್ ಸರಕಾರವು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂಥ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆಯೊತ್ತಿತು. ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಅವರು ವಿಮುಕ್ತರಾದರು. ಒಂದೇ ಪ್ರಾಣಿಯನ್ನು ಕೊಂದ ದೊರೆ ಶಿಕಾರಿವೀರನೆನಿಸಿದ, ಬಡವ ಕಳ್ಳನೆನಿಸಿದ. ವನ್ಯಜೀವಿ ರಕ್ಷಣೆಯ ಹೆಸರಿನಲ್ಲಿ ನಾವು ಈ ಅನ್ಯಾಯವನ್ನು ಮುಂದುವರಿಸಬಾರದು. ಇಂದು ಮೋಜಿಗಾಗಿ ರಾತ್ರಿ ಜೀಪಿನಲ್ಲಿ ಬೆಳಕು ಬಿಟ್ಟು ಹೊಡೆಯುವವನನ್ನು ಬಿಟ್ಟು, ಗುಡಿಸಲಿನವನ ಮೇಲೆ ಸಂಶಯಪಡುವುದು ಪರಿಸರ ಚಳವಳಿಯಲ್ಲ.

ಕಾನೂನು ಏನು ಹೇಳುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕೃಷ್ಣಮೃಗ ಒಂದನೆಯ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲಿ. ಕೊಂದರೆ 3ರಿಂದ 7 ವರ್ಷ ಸೆರೆವಾಸ; 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ‘ಟ್ರೋಫಿ’ ಎಂಬ ಪದಕ್ಕೆ ಈ ಕಾಯಿದೆಯಲ್ಲಿಯೇ ಅರ್ಥವಿವರಣೆ ಇದೆ. ಕೆಡದಂತೆ ಕಾದಿಟ್ಟ ಚರ್ಮ, ಕೋಡು, ತಲೆ ಎಲ್ಲವೂ ಅದರಲ್ಲಿ ಬರುತ್ತವೆ. ಕಾನೂನು ಮೀರಿ ಕೊಂದ ಪ್ರಾಣಿಯ ಕೋಡು ಕೊಂದವನದಾಗುವುದಿಲ್ಲ, ಸರಕಾರದ ಸ್ವತ್ತಾಗುತ್ತದೆ. ಚಿತ್ರದ ಅಮೆರಿಕೆಯಲ್ಲಿ ಪರವಾನಗಿ, ಋತು, ಸಂಖ್ಯೆಯ ಮಿತಿಗಳಿವೆ. ಬಂದೂಕು ಗುಂಡುಗಳ ತೆರಿಗೆ 1937ರ ಕಾಯಿದೆಯಂತೆ ವನ್ಯಜೀವಿಗಳ ಕೆಲಸಕ್ಕೆ ಸಲ್ಲುತ್ತದೆ. ಅಲ್ಲಿನ ಚಿತ್ರವನ್ನು ನೋಡಿ ಇಲ್ಲಿ ಹಾಗೆ ಮಾಡಹೊರಟವನು ನೇರವಾಗಿ ಸೆರೆಮನೆಯ ದಾರಿ ಹಿಡಿದಂತೆ.

ಈಗ ಹಿಂದಿನ ಸಾಲಿನಲ್ಲಿ ಕುಳಿತ ರೈತಬಾಂಧವರ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. “ನೀವು ಚಿಗರಿಯ ಗುಣಗಾನ ಮಾಡ್ತೀರಿ, ಹೆಸರು, ಶೇಂಗಾ, ಕಡಲಿ ಮೇಯ್ದು ಹೋಗೂದು ನಮ್ಮ ಹೊಲದಾಗ.” ಈ ಮಾತು ಸತ್ಯ. ಮೊಳಕೆಯೊಡೆದ ಬೆಳೆಯನ್ನು ಹಿಂಡು ಒಂದೇ ರಾತ್ರಿಯಲ್ಲಿ ಸವರಿಬಿಟ್ಟರೆ ಬಿತ್ತಿದವನ ಸಂಕಟ ಪಟ್ಟಣದ ಪ್ರಾಣಿಪ್ರಿಯರಿಗೆ ಅರ್ಥವಾಗುವುದು ಕಷ್ಟ. ಹೊಲದಲ್ಲಿ ಗುಡಿಸಲು ಹಾಕಿ ನಿದ್ದೆಗೆಟ್ಟು ಕಾಯುವವನಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ.

ಆದರೆ ಒಂದನ್ನು ಗಮನಿಸಿರಿ. ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನದು. ಅದರ ಆಸ್ತಿ ಕಣ್ಣು ಮತ್ತು ಕಾಲು. ದೂರದಿಂದ ಶತ್ರುವನ್ನು ಕಂಡು ಓಡಬಲ್ಲ ತೆರೆದ ಹುಲ್ಲುಗಾವಲು ಅದಕ್ಕೆ ಬೇಕು. ನಮ್ಮ ಗೋಮಾಳ, ಗಾಯರಾಣಗಳು ಎಲ್ಲಿ ಹೋದವು? ಕೆಲವು ಒತ್ತುವರಿಯಾದವು, ಕೆಲವು ಕಟ್ಟಡವಾದವು, ಉಳಿದವನ್ನು ‘ಬಂಜರು’ ಎಂದು ಕರೆದು ನೀಲಗಿರಿ ನೆಟ್ಟೆವು. ಹುಲ್ಲು ಹೋದ ಮೇಲೆ ಹಸಿರು ಉಳಿದದ್ದು ಹೊಲದಲ್ಲಿ ಮಾತ್ರ. ಸಮೀಪದ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಿದರು. ಅಲ್ಲಿಯೂ ನೀಲಗಿರಿ ನೆಡುತೋಪುಗಳು ಬಹುಭಾಗವನ್ನು ಆವರಿಸಿವೆ. ಆದ್ದರಿಂದ ಚಿಗರಿಯನ್ನು ಉಳಿಸುವುದೆಂದರೆ ಎಲ್ಲೆಡೆ ಮರ ನೆಡುವುದಲ್ಲ. ಹುಲ್ಲನ್ನು ಹುಲ್ಲಾಗಿಯೇ ಬಿಡುವುದು. ದನಕ್ಕೂ ಕುರಿಗೂ ಅದೇ ಬೇಕು.

ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವುದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಹಾನಿಯಾದ ದಿನವೇ ಚಿತ್ರ ತೆಗೆದಿಡಿ, ಪಹಣಿ ಪ್ರತಿಯೊಂದಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯಲು ಬಾರದವರಿಗೆ ಇಲ್ಲಿ ಕುಳಿತ ವಿದ್ಯಾರ್ಥಿಗಳು ಬರೆದುಕೊಡಲಿ. ಇದು ಶಿಬಿರದಿಂದ ನೀವು ಮನೆಗೊಯ್ಯಬೇಕಾದ ಮೊದಲ ಕೆಲಸ. ತಂತಿಗೆ ವಿದ್ಯುತ್ ಹಾಯಿಸುವವರಿಗೆ ಕೈಮುಗಿದು ಹೇಳುತ್ತೇನೆ: ಆ ತಂತಿ ಚಿಗರಿ ಯಾವುದು, ನೀರು ಕಟ್ಟಲು ಹೊರಟ ಮಗ ಯಾರು ಎಂದು ನೋಡುವುದಿಲ್ಲ.

ನಮ್ಮ ಜನಕ್ಕೆ ಇದು ಆಗದ ಕೆಲಸವಲ್ಲ. 2015ರ ಡಿಸೆಂಬರಿನಲ್ಲಿ ಕಪ್ಪತ್ತಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ದೊರೆಯಿತು. 2016ರ ನವೆಂಬರಿನಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳ್ತನದಲ್ಲಿ 2017ರ ಫೆಬ್ರುವರಿಯಲ್ಲಿ ಜನ ಧರಣಿ ಕುಳಿತರು. ಏಪ್ರಿಲಿನಲ್ಲಿ ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿಧಾಮವಾಯಿತು. ಗಣಿಯಿಂದ ಗುಡ್ಡವನ್ನು ಉಳಿಸಿದವರು ನಾವು. ಆದರೆ ಅಭಯಾರಣ್ಯದ ಗೆರೆ ಚಿಗರಿಗೆ ಗೊತ್ತಿಲ್ಲ. ಅದು ಗೆರೆಯಾಚೆಯ ಎರೆಹೊಲದಲ್ಲಿ, ನಮ್ಮ ನಡುವೆಯೇ ಬಾಳುತ್ತದೆ. ಅಲ್ಲಿ ಅದಕ್ಕೆ ಕಾವಲು ಊರಿನವರ ಮನಸ್ಸು ಮಾತ್ರ.

ಕೊನೆಯದಾಗಿ, ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ. ತಮ್ಮಾ, ಗೆಳೆಯರೊಂದಿಗೆ ನಸುಕಿನಲ್ಲಿ ಹೊರಡುವ ಆಸೆಯನ್ನು ಬಿಡಬೇಡ. ಹೋಗು, ಬದುವಿನ ಮರೆಯಲ್ಲಿ ಸದ್ದಿಲ್ಲದೆ ಕೂಡು. ಹಿಂಡಿನಲ್ಲಿ ಹೆಣ್ಣು ಎಷ್ಟು, ಮರಿ ಎಷ್ಟು, ಕಂದು ಗಂಡು ಎಷ್ಟು, ಕರೀದು ಯಾವುದು, ಅದರ ಕೋಡಿಗೆ ಎಷ್ಟು ತಿರುವು ಎಂದು ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡು. ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ಮತ್ತೆ ಬರೆ. ಐದು ವರ್ಷ ಬರೆದರೆ ಈ ತಾಲ್ಲೂಕಿನ ಚಿಗರಿಗಳ ಬಗ್ಗೆ ನಿನಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿದಿರುವುದಿಲ್ಲ. ಆ ಪುಸ್ತಕವನ್ನು ನಮ್ಮ ಮುಂದಿನ ಶಿಬಿರಕ್ಕೆ ತೆಗೆದುಕೊಂಡು ಬಾ. ನನ್ನ ಪಡಸಾಲೆಯ ಕೋಡಿಗೆ ಗೆದ್ದಲು ಹತ್ತಿ ಎಷ್ಟೋ ವರ್ಷವಾಯಿತು. ಗೋಡೆಯಲ್ಲಿ ಮೊಳೆಯ ತೂತು ಮಾತ್ರ ಉಳಿದಿದೆ.