ಡಿಗ್ರಿಯೋ, ಕೈಕಸುಬೋ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಲ್ಲಿ ಒಂದೇ ಮಾತು: ‘ಮುಂದ ಏನ್ ಓದಸೂಣು?’

ಡಿಗ್ರಿ ಇದ್ದರೆ ನೌಕರಿ ಗ್ಯಾರಂಟಿ ಅಂತೀರಾ? ಹಾಗಿದ್ದರೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ ಯಾಕೆ ಬೇಕಿತ್ತು?

ಹಾಗಂತ ಓದು ಬಿಡಿಸಿ ಹೊಲಕ್ಕೋ ಮಗ್ಗಕ್ಕೋ ಹಚ್ಚಬ್ಯಾಡ್ರಿ. ನಡುವೆಯೂ ದಾರಿಯಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕಸುಬೂ ಕೈಗೆ ಬಂತು, ಕಾಲೇಜಿನ ಬಾಗಿಲೂ ಮುಚ್ಚಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಈಗ ಓದುತ್ತಿರೋದು ಸುದ್ದಿ! ಅದಕ್ಕೇ ಹೇಳ್ತೀನಿ, ಮಗನಿಗಷ್ಟೇ ಅಲ್ಲ, ಮಗಳಿಗೂ ಕೇಳ್ರಿ: ‘ನಿನಗೇನು ಬೇಕವ್ವಾ?’ ಉತ್ತರ ಬರೋತನಕ ಅರ್ಜಿ ತುಂಬಬ್ಯಾಡ್ರಿ.