ಬೆರಳುದ್ದದ ಗೂಡ್ಸ್ ಡಬ್ಬಿಗಳು

ಗೂಡ್ಸ್ ಗಾಡಿ ಹಾದುಹೋಗುವಾಗ ಗೇಟಿನ ಬಳಿ ನಿಂತವರು ಮಾಡುವ ಕೆಲಸ ಒಂದೇ: ಡಬ್ಬಿಗಳನ್ನು ಎಣಿಸುವುದು. ಮೂವತ್ತೋ ನಲವತ್ತೋ ಎಂದು ಲೆಕ್ಕ ತಪ್ಪುವಷ್ಟರಲ್ಲಿ ಕೊನೆಯ ಗಾರ್ಡಿನ ಡಬ್ಬಿಯೂ ದಾಟಿಹೋಗಿರುತ್ತದೆ. ಇಂಜಿನ್ನನ್ನು ನೆನಪಿಟ್ಟುಕೊಳ್ಳುವವರುಂಟು, ತಮ್ಮೂರಿಗೆ ಬರುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರೂ ಉಂಟು. ಆದರೆ ತುಕ್ಕು ಹಿಡಿದ ಒಂದು ಸರಕು ಡಬ್ಬಿಯನ್ನು ಯಾರು ನೆನೆಯುತ್ತಾರೆ?

ಐರ್ಲೆಂಡಿನಲ್ಲಿ ಅಂಥವರಿದ್ದಾರೆ. ಆ ದೇಶದ ಹಳಿಗಳ ಮೇಲೆ ಒಮ್ಮೆ ಓಡಿದ ಸಿಮೆಂಟಿನ ಡಬ್ಬಿ, ಬೀಟ್ ಗೆಡ್ಡೆಯ ಡಬ್ಬಿ, ಜಲ್ಲಿಯ ಡಬ್ಬಿಗಳ ಪುಟ್ಟ ಮಾದರಿಗಳನ್ನು ಅವರು ಒಂದೊಂದಾಗಿ ಕೂಡಿಸಿಡುತ್ತಾರೆ. ನೋಡುವವರಿಗೆ ಇದು ದೊಡ್ಡವರ ಮಕ್ಕಳಾಟದಂತೆ ಕಂಡೀತು. ಆದರೆ ಈ ಆಟದ ಹಿಂದೆ ಒಂದು ದೇಶದ ಬೇಸಾಯ, ಗಣಿಗಾರಿಕೆ, ಕಾರ್ಖಾನೆಗಳ ಚರಿತ್ರೆಯೇ ಇದೆ.

ಮೊದಲು ಅಳತೆಯ ಮಾತು. ಈ ಮಾದರಿಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ 'ಓಓ' ಪ್ರಮಾಣದವು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಎಂದರೆ ಅಸಲಿನ 76ನೇ ಒಂದು ಭಾಗ. ಬಂದರುಗಳಲ್ಲಿ ಕಾಣುವ 20 ಅಡಿಯ ಕಂಟೇನರ್ ಇಲ್ಲಿ 8 ಸೆಂಟಿಮೀಟರ್, ಒಂದು ಬೆರಳಿನ ಉದ್ದ.

ತೊಡಕು ಶುರುವಾಗುವುದು ಹಳಿಯಲ್ಲಿ. ಐರ್ಲೆಂಡಿನ ಹಳಿಗಳ ನಡುವಿನ ಅಂತರ 5 ಅಡಿ 3 ಅಂಗುಲ. ಇದು ಬ್ರಿಟನ್ನಿನ 4 ಅಡಿ ಎಂಟೂವರೆ ಅಂಗುಲವೂ ಅಲ್ಲ, ನಮ್ಮ ಬ್ರಾಡ್‌ಗೇಜಿನ 5 ಅಡಿ 6 ಅಂಗುಲವೂ ಅಲ್ಲ. ಈ ವಿಚಿತ್ರ ಅಳತೆ ಬಂದುದು ಒಂದು ಜಗಳದಿಂದ. ಆ ದೇಶದ ಮೊದಲ ರೈಲುಮಾರ್ಗ 1834ರಲ್ಲಿ ಡಬ್ಲಿನ್ನಿನಿಂದ ಕಿಂಗ್ಸ್‌ಟೌನಿಗೆ, ಎಂದರೆ ಇಂದಿನ ಡನ್ ಲೇರಿಗೆ, ಬ್ರಿಟನ್ನಿನ ಅಳತೆಯಲ್ಲೇ ತೆರೆಯಿತು. 1839ರಲ್ಲಿ ಬೆಲ್‌ಫಾಸ್ಟಿನ ಅಲ್‌ಸ್ಟರ್ ರೈಲ್ವೆ 6 ಅಡಿ 2 ಅಂಗುಲದ ಹಳಿ ಹಾಕಿತು. ಡಬ್ಲಿನ್-ಡ್ರಾಹಡ ಕಂಪನಿ 5 ಅಡಿ 2 ಅಂಗುಲ ಬೇಕೆಂದಿತು. ಮೂರು ಕಂಪನಿ, ಮೂರು ಅಳತೆ! ಕೊನೆಗೆ ಬ್ರಿಟಿಷ್ ಸರ್ಕಾರದ ವ್ಯಾಪಾರ ಮಂಡಳಿಯ ಅಧಿಕಾರಿ ಪಾಸ್ಲಿ ತಜ್ಞರನ್ನು ವಿಚಾರಿಸಿ ನಡುವಿನ ಒಂದು ಅಂಕಿಯನ್ನು ಹಿಡಿದರು. 1846ರ ಕಾಯಿದೆ ಅದನ್ನೇ ಐರ್ಲೆಂಡಿನ ಅಳತೆ ಎಂದು ಸ್ಥಿರಪಡಿಸಿತು.

ಆ ರಾಜಿಯ ದಂಡವನ್ನು ಇಂದಿಗೂ ತೆರುತ್ತಿರುವವರು ಮಾದರಿ ಕೂಡಿಸುವವರು. 4 ಮಿಲಿಮೀಟರ್ ಲೆಕ್ಕದಲ್ಲಿ ಐರಿಷ್ ಹಳಿಯ ಅಂತರ ಸರಿಯಾಗಿ 21 ಮಿಲಿಮೀಟರ್ ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಓಓ ಹಳಿಯ ಅಂತರ ಹದಿನಾರೂವರೆ ಮಿಲಿಮೀಟರ್. ಬ್ರಿಟಿಷ್ ಮಾದರಿಗೇ ಅದು ಸುಮಾರು 2 ಮಿಲಿಮೀಟರ್ ಕಿರಿದು. ಐರಿಷ್ ಮಾದರಿಗಾದರೋ ನಾಲ್ಕೂವರೆ ಮಿಲಿಮೀಟರ್ ಕಿರಿದು. ಹೀಗಾಗಿ ಡಬ್ಬಿಯ ಮೈಮೇಲಿನ ಬೋಲ್ಟುಗಳೆಲ್ಲ ಕರಾರುವಾಕ್ಕಾಗಿದ್ದರೂ ಎದುರಿನಿಂದ ನೋಡಿದರೆ ಅದು ಇಕ್ಕಟ್ಟಾದ ಕಾಲಮೇಲೆ ನಿಂತಂತೆ ಕಾಣುತ್ತದೆ. ಕೆಲವರು ಹಟ ಹಿಡಿದು 21 ಮಿಲಿಮೀಟರಿನ ಹಳಿಯನ್ನು ಕೈಯಾರೆ ಜೋಡಿಸಿಕೊಳ್ಳುತ್ತಾರೆ. ಪ್ರತಿ ಡಬ್ಬಿಯ ಗಾಲಿಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸುತ್ತಾರೆ. ಉಳಿದವರು ಪಕ್ಕದಿಂದ ನೋಡಿ ಸಮಾಧಾನಪಡುತ್ತಾರೆ. ಎರಡು ಪಂಗಡಕ್ಕೂ ತಮ್ಮ ತಮ್ಮ ನ್ಯಾಯವಿದೆ.

ಈ ಹವ್ಯಾಸ ಹೊಸದೇನಲ್ಲ. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಿರಿಲ್ ಫ್ರೈ ಎಂಬಾತ ಕಳೆದ ಶತಮಾನದ ಮೊದಲರ್ಧದಲ್ಲೇ ಐರಿಷ್ ರೈಲುಗಳ ಮಾದರಿಗಳನ್ನು ಮನೆಯಲ್ಲಿ ಕೈಯಿಂದ ತಯಾರಿಸುತ್ತಿದ್ದ. ಅವನು ತೀರಿಕೊಂಡದ್ದು 1972ರಲ್ಲಿ. ಅವನ ಸಂಗ್ರಹ ಮಾಲಹೈಡ್ ಕೋಟೆಯಲ್ಲಿ 2010ರವರೆಗೆ ಪ್ರದರ್ಶನದಲ್ಲಿತ್ತು; 2020ರಲ್ಲಿ ಅದೇ ಊರಿನ ಕ್ಯಾಸಿನೊ ಎಂಬ ಹಳೆಯ ಮನೆಯಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು.

ಫ್ರೈಯಂಥ ಕೈಚಳಕ ಎಲ್ಲರಿಗೂ ಬರುವುದಿಲ್ಲವಲ್ಲ! ಐರ್ಲೆಂಡಿನ ಮಾರುಕಟ್ಟೆ ಚಿಕ್ಕದು, ಉಕ್ಕಿನ ಅಚ್ಚು ಮಾಡಿಸುವ ಖರ್ಚು ದೊಡ್ಡದು. ಆದ್ದರಿಂದ ಬಹುಕಾಲ ಅಲ್ಲಿನ ಹವ್ಯಾಸಿಗಳು ಇಂಗ್ಲಿಷ್ ಡಬ್ಬಿಯನ್ನೇ ಕೊಂಡು ಐರಿಷ್ ಬಣ್ಣ ಬಳಿಯುತ್ತಿದ್ದರು. ಇಲ್ಲವೇ ರಾಳ, ಹಿತ್ತಾಳೆ ತಗಡುಗಳ ಬಿಡಿಭಾಗಗಳನ್ನು ತರಿಸಿ ಅಂಟಿಸುತ್ತಿದ್ದರು. ಐರಿಷ್ ರೈಲ್ವೆ ಮಾಡೆಲ್ಸ್ ಎಂಬ ಸಂಸ್ಥೆ ಕಳೆದ ದಶಕದ ಕೊನೆಯ ವರ್ಷಗಳಿಂದ ಜಲ್ಲಿ, ಸಿಮೆಂಟು, ಬೀಟ್ ಮುಂತಾದವುಗಳ ಡಬ್ಬಿಗಳನ್ನು ಸಿದ್ಧರೂಪದಲ್ಲಿ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಅವು ಸಾಮಾನ್ಯವಾಗಿ ಒಂದೊಂದೇ ಅಲ್ಲ, ಹಲವು ಒಟ್ಟಾಗಿ ಮಾರಾಟಕ್ಕೆ ಬರುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರು. ಒಂದೇ ನಂಬರಿನ ಎರಡು ಡಬ್ಬಿ ಒಂದು ಗಾಡಿಯಲ್ಲಿ ಇರಲು ಸಾಧ್ಯವೇ?

ನಂಬರಿನಂತೆಯೇ ಲಾಂಛನವೂ ಮುಖ್ಯ. 1945ರಲ್ಲಿ ಸ್ಥಾಪನೆಯಾದ ಸಿ.ಐ.ಇ. ಎಂಬ ರಾಷ್ಟ್ರೀಯ ಸಾರಿಗೆ ಸಂಸ್ಥೆಯ ಮೊದಲ ಲಾಂಛನಕ್ಕೆ ಜನ ಇಟ್ಟ ಅಡ್ಡಹೆಸರು 'ಹಾರುವ ಬಸವನಹುಳು'. 1960ರ ದಶಕದಲ್ಲಿ ಬಂದ ದುಂಡು ಗುರುತು 'ಮುರಿದ ಚಕ್ರ'ವಾಯಿತು. ರೈಲಿನ ವೇಗದ ಬಗ್ಗೆ ಜನರ ಅಭಿಪ್ರಾಯವೇನಿತ್ತೆಂದು ಬೇರೆ ಹೇಳಬೇಕಿಲ್ಲ! ಬಸವನಹುಳು ಇದ್ದರೆ ಇಂಥ ಕಾಲ, ಚಕ್ರವಿದ್ದರೆ ಇಂಥ ಕಾಲ ಎಂದು ಸಂಗ್ರಾಹಕ ಶಾಸನ ಓದುವವನಂತೆ ಡಬ್ಬಿಯನ್ನು ಓದುತ್ತಾನೆ. ಹಳೆಯ ಬಣ್ಣ ಒಮ್ಮೆಗೇ ಅಳಿಸಿಹೋಗುವುದಿಲ್ಲವಾದ್ದರಿಂದ ಎರಡೂ ಒಂದೇ ಗಾಡಿಯಲ್ಲಿದ್ದರೆ ಅದು ತಪ್ಪಲ್ಲ, ನಿಜಕ್ಕೆ ಹತ್ತಿರ.

ಇನ್ನು ಬೀಟ್ ಡಬ್ಬಿಯ ಕತೆ. ಐರ್ಲೆಂಡಿನಲ್ಲಿ ಕಬ್ಬು ಬೆಳೆಯುವುದಿಲ್ಲ; ಸಕ್ಕರೆ ಬರುತ್ತಿದ್ದುದು ಬೀಟ್ ಗೆಡ್ಡೆಯಿಂದ. 1926ರಲ್ಲಿ ಕಾರ್ಲೊದಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. 1930ರ ದಶಕದಲ್ಲಿ ಮ್ಯಾಲೊ, ಥರ್ಲಿಸ್, ಟ್ಯೂಮ್‌ಗಳಲ್ಲಿ ಇನ್ನೂ ಮೂರು. ಶರತ್ಕಾಲ ಬಂತೆಂದರೆ ರೈತರ ಟ್ರ್ಯಾಕ್ಟರುಗಳು ವೆಕ್ಸ್‌ಫರ್ಡ್ ಜಿಲ್ಲೆಯ ವೆಲಿಂಗ್ಟನ್‌ಬ್ರಿಜ್ ನಿಲ್ದಾಣಕ್ಕೆ ಗೆಡ್ಡೆ ತಂದು ಸುರಿಯುತ್ತಿದ್ದವು. ಅಲ್ಲಿಂದ ಬ್ಯಾರೊ ನದಿಯ ಉದ್ದ ಸೇತುವೆ ದಾಟಿ, ವಾಟರ್‌ಫರ್ಡ್ ಮತ್ತು ಲಿಮರಿಕ್ ಜಂಕ್ಷನ್ ಮಾರ್ಗವಾಗಿ ಗಾಡಿ ಮ್ಯಾಲೊ ಸೇರುತ್ತಿತ್ತು. ಅದಕ್ಕಾಗಿ 1980ರ ದಶಕದಲ್ಲಿ ರೈಲ್ವೆಯವರು ಒಂದು ಉಪಾಯ ಮಾಡಿದರು. ಹಳೆಯ ಸುಕ್ಕುತಗಡಿನ ತೆರೆದ ಡಬ್ಬಿಯೊಂದರ ಮೇಲೆ ಅಂಥದೇ ಇನ್ನೊಂದರ ಮೈಯನ್ನು ಕೂರಿಸಿದರು. ಎತ್ತರ ಇಮ್ಮಡಿಯಾಯಿತು, ಖರ್ಚು ಉಳಿಯಿತು. ಡಬ್ಬಿಯ ಮೇಲೆ ಡಬ್ಬಿ ಇಟ್ಟ ಆ ವಿಕಾರ ರೂಪವೇ ಇಂದು ಸಂಗ್ರಾಹಕರಿಗೆ ಅಚ್ಚುಮೆಚ್ಚು.

2005ರಲ್ಲಿ ಕಾರ್ಲೊ ಕಾರ್ಖಾನೆ ಮುಚ್ಚಿತು. ಯುರೋಪಿಯನ್ ಒಕ್ಕೂಟ ತನ್ನ ಸಕ್ಕರೆ ನೀತಿಯನ್ನು ಬದಲಾಯಿಸಿದಾಗ 2006ರಲ್ಲಿ ಮ್ಯಾಲೊ ಕೂಡ ಬಾಗಿಲು ಹಾಕಿತು. ಅದರೊಂದಿಗೆ ಐರ್ಲೆಂಡಿನಲ್ಲಿ ಸಕ್ಕರೆ ತಯಾರಿಕೆಯೇ ನಿಂತಿತು. ಬೀಟ್ ಗಾಡಿಯೂ ನಿಂತಿತು. ವೆಲಿಂಗ್ಟನ್‌ಬ್ರಿಜ್ ಮಾರ್ಗದ ಪ್ಯಾಸೆಂಜರ್ ಗಾಡಿ 2010ರಲ್ಲಿ ನಿಂತಿತು. ಐದೇ ವರ್ಷದಲ್ಲಿ ಬೆಳೆ, ಕಾರ್ಖಾನೆ, ಗಾಡಿ ಎಲ್ಲ ಹೋಗಿ, ಬೆರಳುದ್ದದ ಡಬ್ಬಿ ಉಳಿಯಿತು.

ಉಳಿದವುಗಳ ಕತೆಯೂ ಹೆಚ್ಚು ಬೇರೆಯಲ್ಲ. ಗಿನಿಸ್ ಬಿಯರಿನ ಪೀಪಾಯಿಗಳ ಗಾಡಿ 2006ರಲ್ಲಿ ನಿಂತಿತು. ದುಂಡುಹೊಟ್ಟೆಯಿಂದಾಗಿ 'ಗುಳ್ಳೆ' ಎಂದೇ ಹೆಸರಾದ ಸಿಮೆಂಟಿನ ಡಬ್ಬಿಗಳು 2009ರಲ್ಲಿ ಹಳಿ ಬಿಟ್ಟವು. ನವನ್ ಬಳಿಯ ತಾರಾ ಗಣಿಯ ಸತುವಿನ ಅದಿರನ್ನು ಡಬ್ಲಿನ್ ಬಂದರಿಗೆ ಒಯ್ಯುವ ಕೆಲಸ 1977ರಲ್ಲಿ ಶುರುವಾಗಿ ಇವೆಲ್ಲಕ್ಕಿಂತ ಹೆಚ್ಚು ಕಾಲ ಬಾಳಿತು. ಇಂದು ಐರ್ಲೆಂಡಿನ ಒಟ್ಟು ಸರಕು ಸಾಗಣೆಯಲ್ಲಿ ರೈಲಿನ ಪಾಲು ನೂರಕ್ಕೆ ಒಂದರ ಆಸುಪಾಸು. ಅದನ್ನು ಹೆಚ್ಚಿಸುವ ಯೋಜನೆಯೊಂದನ್ನು ರೈಲ್ವೆ 2021ರಲ್ಲಿ ಪ್ರಕಟಿಸಿದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಹಳೆಯ ಉಗಿ ಇಂಜಿನ್ನನ್ನು ಉಳಿಸಲು ಸಂಘಗಳಿವೆ, ವಸ್ತುಸಂಗ್ರಹಾಲಯಗಳಿವೆ. ಸರಕು ಡಬ್ಬಿ ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಅದರಲ್ಲಿ ಯಾವ ಗಣ್ಯರೂ ಪ್ರಯಾಣ ಮಾಡಿರುವುದಿಲ್ಲ. ಆದರೆ ರೈತನ ವರ್ಷದ ದುಡಿಮೆಯೆಲ್ಲ ಕಾರ್ಖಾನೆಗೆ ಹೋದದ್ದು ಅದರಲ್ಲೇ. ಮಾದರಿ ತಯಾರಿಸಲು ಹೊರಟವರು ಹಳೆಯ ನಕ್ಷೆ ಹುಡುಕಬೇಕು, ಮೂಲೆಯಲ್ಲಿ ಬಿದ್ದ ಡಬ್ಬಿಯನ್ನು ಅಳೆಯಬೇಕು, ಗಾಡಿಯಲ್ಲಿ ಕೆಲಸ ಮಾಡಿದವರನ್ನು ಮಾತಾಡಿಸಬೇಕು. ಹಾಗೆ ಯಾರೂ ಬರೆದಿಡದ ಸಂಗತಿಗಳು ದಾಖಲೆಯಾಗುತ್ತವೆ.

ಮಾದರಿಯ ಡಬ್ಬಿಗೆ ವಾಸನೆಯಿಲ್ಲ, ಭಾರವಿಲ್ಲ, ಅದರಿಂದ ಕೆಸರು ಸೋರುವುದಿಲ್ಲ. ಹಳಿ ನಾಲ್ಕೂವರೆ ಮಿಲಿಮೀಟರ್ ಸುಳ್ಳು ಹೇಳುತ್ತದೆ. ಆದರೂ ಮೇಜಿನ ಮೇಲೆ ಅದು ಓಡುವಾಗ ವೆಲಿಂಗ್ಟನ್‌ಬ್ರಿಜ್‌ನ ರೈತನೊಬ್ಬ ನಿಂತು ನೋಡಿದನೆಂದರೆ, ಅವನು ಹಳಿಯ ಅಗಲವನ್ನು ಅಳೆಯಲಾರ. ಡಬ್ಬಿ ಎಣಿಸುತ್ತಾನೆ.