ಸಮ್ಮೇಳನವಲ್ಲದ ‘ಕಾನ್ಫರೆನ್ಸ್’

(ಉಪನ್ಯಾಸದ ಪಠ್ಯ)



ಕಾನ್ಫರೆನ್ಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆ, ಹಾರ, ಭಾಷಣ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಈ ಪದದ ಅರ್ಥವೇ ಬೇರೆ. ಅಲ್ಲಿ ಅದು ತಮ್ಮತಮ್ಮೊಳಗೆ ಪಂದ್ಯವಾಡಲು ಒಪ್ಪಿಕೊಂಡ ವಿಶ್ವವಿದ್ಯಾಲಯಗಳ ಕೂಟ. ಹಿಂದೆ ರಣಜಿ ಟ್ರೋಫಿಯಲ್ಲಿ ಕರ್ನಾಟಕ, ತಮಿಳುನಾಡು, ಹೈದರಾಬಾದ್ ತಂಡಗಳು ಮೊದಲು ದಕ್ಷಿಣ ವಲಯದೊಳಗೆ ಸೆಣಸಿ, ಬಳಿಕ ಮುಂದಿನ ಹಂತಕ್ಕೆ ಏರುತ್ತಿದ್ದುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಕಾಲೇಜು ಬೇಸ್‌ಬಾಲ್ ಋತು ಫೆಬ್ರುವರಿಯಲ್ಲಿ ಆರಂಭವಾಗುತ್ತದೆ. ಮೇ ಕೊನೆಗೆ ಬಹುತೇಕ ಕಾನ್ಫರೆನ್ಸ್‌ಗಳು ತಮ್ಮ ಚಾಂಪಿಯನ್‌ಷಿಪ್ ಟೂರ್ನಿ ನಡೆಸುತ್ತವೆ. ಹಲವೆಡೆ ಒಂದು ಸೋಲಿಗೆ ಕ್ಷಮೆಯುಂಟು, ಎರಡನೆಯದಕ್ಕೆ ಮನೆದಾರಿ. ಒಬ್ಬ ಒಳ್ಳೆಯ ಪಿಚರ್, ಅಂದರೆ ಚೆಂಡೆಸೆಯುವವನು, ಒಂದು ದಿನ ಯಾವ ತಂಡವನ್ನಾದರೂ ಕಟ್ಟಿಹಾಕಬಲ್ಲ. ಆದರೆ ಮತ್ತೆ ಪೂರ್ಣ ಪಂದ್ಯಕ್ಕಿಳಿಯಲು ಅವನ ತೋಳಿಗೆ ಹಲವು ದಿನಗಳ ವಿಶ್ರಾಂತಿ ಬೇಕು. ಮೊದಲೇ ಸೋತ ತಂಡ ಹೆಚ್ಚು ಪಂದ್ಯ ಆಡಬೇಕಾದ್ದರಿಂದ, ಅದರ ಎರಡನೇ ಸಾಲಿನ ಹುಡುಗರೂ ಪರೀಕ್ಷೆಗೆ ಒಳಗಾಗುತ್ತಾರೆ.

ಇಷ್ಟೆಲ್ಲ ಏತಕ್ಕಾಗಿ? 1999ರಿಂದ ರಾಷ್ಟ್ರೀಯ ಟೂರ್ನಿಯಲ್ಲಿ 64 ತಂಡಗಳಿಗೆ ಅವಕಾಶವಿದೆ. ಕಾನ್ಫರೆನ್ಸ್ ಚಾಂಪಿಯನ್ನರಿಗೆ ನೇರ ಪ್ರವೇಶ. ಉಳಿದ ಸ್ಥಾನಗಳಿಗೆ ಸಮಿತಿಯೊಂದು ಆಯ್ಕೆ ಮಾಡುತ್ತದೆ. ದೊಡ್ಡ ಕಾನ್ಫರೆನ್ಸ್‌ಗಳಿಗೆ ಹಲವು ಸ್ಥಾನಗಳು ಸಿಗುತ್ತವೆ. ಸಣ್ಣವಕ್ಕೆ ಅನೇಕ ಸಲ ಸಿಗುವುದು ಚಾಂಪಿಯನ್ನರ ಒಂದೇ ಸ್ಥಾನ. ದೊಡ್ಡವರಿಗೆ ಅದು ಪ್ರತಿಷ್ಠೆಯ ಪ್ರಶ್ನೆಯಾದರೆ, ಸಣ್ಣವರಿಗೆ ಅಳಿವು ಉಳಿವಿನ ಪ್ರಶ್ನೆ. ಅಂತಿಮ ವರ್ಷದ ಎಷ್ಟೋ ವಿದ್ಯಾರ್ಥಿಗಳಿಗೆ ಅದೇ ಬದುಕಿನ ಕಡೆಯ ಪಂದ್ಯ.

ಆ ಒಂದು ಸ್ಥಾನ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸ್ಟೇಟ್ ಸಾಕ್ಷಿ. 2008ರಲ್ಲಿ ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸ್ ಟೂರ್ನಿ ಗೆದ್ದು ಅದು ರಾಷ್ಟ್ರೀಯ ಕಣಕ್ಕಿಳಿಯಿತು. ಮೊದಲ ಸುತ್ತಿನ ನಾಲ್ಕು ತಂಡಗಳ ಗುಂಪಿನಲ್ಲಿ ಅದಕ್ಕೆ ಕೊಟ್ಟದ್ದು ಕಡೆಯ ಶ್ರೇಯಾಂಕ. ಆದರೂ ಲಾಂಗ್ ಬೀಚ್‌ನಲ್ಲಿ ಗುಂಪನ್ನು ಗೆದ್ದಿತು. ಅರಿಜೋನ ಸ್ಟೇಟ್ ತಂಡವನ್ನು ಅದರ ಅಂಗಳದಲ್ಲೇ ಮಣಿಸಿತು. ಒಮಾಹಾದಲ್ಲಿ ನಡೆದ ಮೂರು ಪಂದ್ಯಗಳ ಫೈನಲ್‌ನಲ್ಲಿ ಜಾರ್ಜಿಯಾ ವಿರುದ್ಧ ಮೊದಲನೆಯದನ್ನು 7-6ರಲ್ಲಿ ಸೋತು, ಮುಂದಿನವನ್ನು 19-10 ಮತ್ತು 6-1ರಲ್ಲಿ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಕೊನೆಯ ಪಂದ್ಯದಲ್ಲಿ ಸ್ಟೀವ್ ಡೆಟ್ವೈಲರ್, ಹೆಬ್ಬೆರಳಿಗೆ ಪೆಟ್ಟಾಗಿದ್ದರೂ ಎರಡು ಹೋಮ್‌ರನ್ ಬಾರಿಸಿದ. ಋತುವಿನಲ್ಲಿ 31 ಪಂದ್ಯ ಸೋತ ತಂಡವದು!

ಈಚೆಗೆ ಈ ವ್ಯವಸ್ಥೆಯ ಬುಡವೇ ಅಲುಗಾಡಿದೆ. ಹೆಚ್ಚಿನ ಟೆಲಿವಿಷನ್ ಹಣವನ್ನು ಅರಸಿ, 2024ರಲ್ಲಿ ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟದ 12 ಸದಸ್ಯರಲ್ಲಿ 10 ಮಂದಿ ಹೊರನಡೆದರು. 2022ರಲ್ಲಷ್ಟೇ ಆರಂಭವಾಗಿದ್ದ ಅದರ ಬೇಸ್‌ಬಾಲ್ ಟೂರ್ನಿ ಮೂರೇ ವರ್ಷಕ್ಕೆ ನಿಂತಿತು. ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಆರೆಗಾನ್ ಸ್ಟೇಟ್, 2025ರ ಋತುವನ್ನು ಯಾವ ಕೂಟಕ್ಕೂ ಸೇರದೆ ಆಡಬೇಕಾಯಿತು. ನೇರ ಪ್ರವೇಶದ ಹಾದಿಯಿಲ್ಲದ ಅದನ್ನು ಸಮಿತಿ ಆರಿಸಿತು. ತಂಡ ಒಮಾಹಾವನ್ನೂ ತಲುಪಿತು.

ಹೆಸರಿದ್ದವರಿಗೆ ಸಮಿತಿಯ ಕೃಪೆಯಾದರೂ ಉಂಟು. ಹೆಸರಿಲ್ಲದ ಕಾಲೇಜಿಗೆ ಇರುವುದು ಮೇ ತಿಂಗಳ ಆ ನಾಲ್ಕಾರು ದಿನಗಳು ಮಾತ್ರ.